ಲ್ವಾರ್ ನದಿಯ ದಡದಲ್ಲಿ ಸೈಕಲ್ ಪ್ರವಾಸ: ಕಾಸರಗೋಡಿನ ಸವಾರರಿಗೆ

ರಾಷ್ಟ್ರೀಯ ಹೆದ್ದಾರಿ 66ರ ಲಾರಿಗಳ ನಡುವೆ ತುಳಿದು ಬೇಸತ್ತ ನಮ್ಮ ಕಾಸರಗೋಡಿನ ಸೈಕಲ್ ಸವಾರರು ಫ್ರಾನ್ಸಿಗೆ ಹೋಗುವುದಾದರೆ, ಸುಮಾರು 900 ಕಿಲೋಮೀಟರ್ ಉದ್ದದ ‘ಲ್ವಾರ್ ಆ ವೆಲೊ’ ಎಂಬ ನದಿದಂಡೆಯ ಸೈಕಲ್ ಮಾರ್ಗವನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ವಾರವಷ್ಟೇ ಇದ್ದರೆ ಸೋಮ್ಯೂರ್ ಪಟ್ಟಣದಿಂದ ಶಾಂಬೋರ್ ಅರಮನೆಯವರೆಗಿನ ಭಾಗ ಸಾಕು. ಅಲ್ಲಿ ಪಶ್ಚಿಮದ ಗಾಳಿಯೇ ಹೆಚ್ಚಾದ್ದರಿಂದ ಪೂರ್ವಕ್ಕೆ ಹೊರಟರೆ ಗಾಳಿ ಬೆನ್ನಿಗಿರುತ್ತದೆ. ನದಿಯ ಹರಿವಿಗೆ ಎದುರಾಗಿ ಸಾಗಿದರೂ ಏರು ಗೊತ್ತಾಗದಷ್ಟು ಅಲ್ಪ. ಯುನೆಸ್ಕೋ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಈ ಕಣಿವೆಯಲ್ಲಿ ಅವಸರ ಸಲ್ಲದು; ಅಂಬ್ವಾಸ್ ಪಟ್ಟಣದಲ್ಲಿ ಅರ್ಧ ದಿನವಾದರೂ ನಿಂತು, ಲಿಯೊನಾರ್ಡೊ ಡ ವಿಂಚಿ 1519ರಲ್ಲಿ ಕೊನೆಯುಸಿರೆಳೆದ ಕ್ಲೋ ಲ್ಯೂಸೆ ಮನೆಯನ್ನು ತಪ್ಪದೆ ನೋಡಿ. ಮಾರ್ಗವು ಕೆಲವೆಡೆ ವಾಹನಗಳಿರುವ ಹಳ್ಳಿರಸ್ತೆಗಳನ್ನು ಸೇರುತ್ತದೆ. ಅಲ್ಲಿ ಬಲಬದಿಯಲ್ಲೇ ಸಾಗಬೇಕು. ತಂಗಲು ‘ಅಕ್ಯೋಯ್ ವೆಲೊ’ (ಸೈಕಲ್ ಸವಾರರಿಗೆ ಸ್ವಾಗತ) ಫಲಕವಿರುವ ವಸತಿಗಳನ್ನು ಹುಡುಕಿದರೆ, ಸೈಕಲ್ಲಿಗೆ ಭದ್ರವಾದ ಜಾಗವೂ ದುರಸ್ತಿಯ ಸಲಕರಣೆಯೂ ದೊರೆಯುತ್ತವೆ.