ನನ್ನ ಲೆಕ್ಕಕ್ಕೆ ಹಾಕಿ

ಮಂಗಳೂರಿನ ಪಡೀಲಿನಲ್ಲಿ ನನ್ನದೊಂದು ಸಣ್ಣ ವೆಲ್ಡಿಂಗ್ ಶಾಪ್ ಇದೆ. ಗೇಟು, ಗ್ರಿಲ್ಲು, ಟೆರೇಸಿನ ಮೇಲೆ ಶೀಟ್ ಹಾಕುವ ಕೆಲಸ. ಮಾರ್ಚಿನಿಂದ ಮೇ ತನಕ ಊಟಕ್ಕೂ ಪುರುಸೊತ್ತಿಲ್ಲ. ಮಳೆ ಹಿಡಿದ ಮೇಲೆ ನೊಣ ಹೊಡೆಯುವುದು. ಹತ್ತು ವರ್ಷದಿಂದ ಕೊಡಿಯಾಲ್‌ಬೈಲಿನ ಜೈಲಿನಿಂದ ಹೊರಗೆ ಬಂದವರೂ ಇಲ್ಲಿ ಕೆಲಸ ಮಾಡುತ್ತಾರೆ. ಇಷ್ಟರವರೆಗೆ ಹತ್ತೊಂಬತ್ತು ಜನ. ಅದರಲ್ಲಿ ಏಳು ಜನ ಆರು ತಿಂಗಳು ದಾಟಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ವಿಷಯ ಬರೆಯುವವರು ಉದ್ಧಾರ ಆದವರ ಕಥೆ ಮಾತ್ರ ಬರೆಯುವುದು ನೋಡಿ ನೋಡಿ ನನಗೆ ಬೇಜಾರಾಗಿದೆ.

ಶುರುವಾದದ್ದು ಚರ್ಚಿನಿಂದ. ಪ್ರಿಸನ್ ಮಿನಿಸ್ಟ್ರಿ ಇಂಡಿಯಾ ಅಂತ 1981ರಲ್ಲಿ ಕೇರಳದಲ್ಲಿ ಹುಟ್ಟಿದ, ಕೈದಿಗಳಿಗಾಗಿ ಚರ್ಚಿನವರು ಮಾಡುವ ಸೇವೆ ಈಗ ದೇಶವಿಡೀ ಇದೆ. ಆಗಸ್ಟಿನ ಎರಡನೇ ಭಾನುವಾರ ನಮ್ಮ ಚರ್ಚುಗಳಲ್ಲಿ ಕೈದಿಗಳಿಗಾಗಿ ಪ್ರಾರ್ಥನೆ ಇರುತ್ತದೆ. ಆ ಸಮಯಕ್ಕೆ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯ ಹಬ್ಬವೂ ಬರುತ್ತದೆ. 1941ರ ಆಗಸ್ಟ್ 14ರಂದು ನಾಜಿಗಳ ಆಶ್‌ವಿಟ್ಸ್ ಸೆರೆ ಶಿಬಿರದಲ್ಲಿ ಬೇರೊಬ್ಬ ಕೈದಿಯ ಬದಲಿಗೆ ಸತ್ತ ಪಾದ್ರಿ ಅವರು. ಅಂಥ ಒಂದು ಭಾನುವಾರ ಪ್ರವಚನ ಕೇಳಿ ಹುಮ್ಮಸ್ಸು ಬಂದು ನಾನೂ ತಂಡಕ್ಕೆ ಹೆಸರು ಕೊಟ್ಟೆ. ಒಳಗೆ ಹೋಗಿ ನಾಲ್ಕು ಹಾಡು ಹೇಳುವುದು, ಪ್ರಾರ್ಥನೆ ಮಾಡುವುದು, ಹಣ್ಣು ಹಂಚಿ ಬರುವುದು. ಅಷ್ಟೇ ಅಂದುಕೊಂಡಿದ್ದೆ.

ಎರಡನೇ ಸಲ ಹೋದಾಗ ಉಳ್ಳಾಲ ಕಡೆಯ ಒಬ್ಬ ಹುಡುಗ ಹತ್ತಿರ ಬಂದು ಕೇಳಿದ, "ಸರ್, ನಿಮ್ಮದು ವೆಲ್ಡಿಂಗ್ ಶಾಪ್ ಅಂತೆ. ಹೊರಗೆ ಬಂದ ಮೇಲೆ ಕೆಲಸ ಕೊಡ್ತೀರಾ?" ನಾನು, "ಪ್ರಾರ್ಥನೆ ಮಾಡುವ, ದೇವರು ದಾರಿ ತೋರಿಸ್ತಾರೆ" ಅಂದೆ. ಅವನು ನಕ್ಕ. ಆ ನಗು ಮನೆಗೆ ಬಂದರೂ ಹೋಗಲಿಲ್ಲ. ಅಲ್ಲ ಮಾರಾಯ್ರೇ, ಶಾಪಿನ ಬೀಗದ ಕೈ ನನ್ನ ಕಿಸೆಯಲ್ಲಿ ಇಟ್ಟುಕೊಂಡು ದೇವರ ಮೇಲೆ ಹಾಕಿದ್ದೆ!

ಬೈಬಲಿನಲ್ಲಿ ಸಂತ ಪೌಲ ಫಿಲೆಮೋನ ಅನ್ನುವವನಿಗೆ ಬರೆದ ಒಂದು ಚಿಕ್ಕ ಪತ್ರ ಇದೆ. ಬರೀ 25 ವಚನ. ಪೌಲ ಆಗ ತಾನೇ ಸೆರೆಯಲ್ಲಿದ್ದ. ಒನೇಸಿಮ ಅನ್ನುವ ಆಳನ್ನು ಅವನ ಧಣಿಯಾದ ಈ ಫಿಲೆಮೋನನ ಹತ್ತಿರ ವಾಪಸು ಕಳಿಸುವಾಗ ಬರೆದದ್ದು. ಅದರಲ್ಲಿ ಉಪದೇಶಕ್ಕಿಂತ ನನಗೆ ಹಿಡಿಸಿದ್ದು 18ನೇ ವಚನ: ಅವನಿಂದ ನಿನಗೇನಾದರೂ ನಷ್ಟ ಆಗಿದ್ದರೆ, ಬಾಕಿ ಇದ್ದರೆ, ನನ್ನ ಲೆಕ್ಕಕ್ಕೆ ಹಾಕು ಅನ್ನುವ ಅರ್ಥದ ಮಾತು. ಬೇರೆ ಶಾಪಿನವರ ಹತ್ತಿರ, ಹೋಟೆಲಿನವರ ಹತ್ತಿರ ಕೆಲಸ ಕೇಳಲು ಹೋದಾಗ ನಾನು ಹೇಳುವುದೂ ಇದೇ. "ಇವನು ಒಳ್ಳೆಯವನು" ಅಂತ ನಾನು ಹೇಳುವುದಿಲ್ಲ, ನನಗೇನು ಗೊತ್ತು? "ಮೂರು ತಿಂಗಳಲ್ಲಿ ಏನಾದರೂ ಹಾಳಾದರೆ, ಕಳೆದರೆ ನನ್ನ ಲೆಕ್ಕಕ್ಕೆ ಬರೆಯಿರಿ" ಅನ್ನುತ್ತೇನೆ. ಮಂಗಳೂರಿನ ವ್ಯಾಪಾರಸ್ಥರಿಗೆ ಈ ಭಾಷೆ ಬೇಗ ಅರ್ಥ ಆಗುತ್ತದೆ.

ಇದು ಹೊಸ ವಿಚಾರವೇನೂ ಅಲ್ಲ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಕ್ರೈಸ್ತರಾದರೆಂದು ಮನೆಯವರು, ಜಾತಿಯವರು ಹೊರಗೆ ಹಾಕಿದ ಜನರಿಗೆ ಹೊಟ್ಟೆಪಾಡು ಬೇಕಿತ್ತಲ್ಲ. ಅವರು ಪ್ರೊಟೆಸ್ಟೆಂಟರು, ನಾವು ಕಥೋಲಿಕರು. ಆದರೂ ಹೊಟ್ಟೆಯ ವಿಷಯದಲ್ಲಿ ಅವರ ಬುದ್ಧಿ ಸರಿ ಇತ್ತು ಅಂತ ನಾನು ಒಪ್ಪುತ್ತೇನೆ.

ಜಾಮೀನಿನ ಆರ್ಡರ್ ಜೈಲಿಗೆ ತಲುಪಿ, ಬಿಡುವಾಗ ಸಾಧಾರಣ ಸಂಜೆ ಆಗುತ್ತದೆ. ಉಳ್ಳಾಲದ ಹುಡುಗ ಹೊರಗೆ ಬಂದದ್ದೂ ಸಂಜೆಯೇ. ಕೈಯಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ತೊಟ್ಟೆ. ಅದರಲ್ಲಿ ಎರಡು ಅಂಗಿ, ಒಂದು ಚಾದರ, ಕೋರ್ಟಿನ ಕಾಗದ. ಹೋಟೆಲಿಗೆ ಕರೆದುಕೊಂಡು ಹೋದೆ. ಗೋಳಿಬಜೆ ಬಂತು, ಮುಟ್ಟಲಿಲ್ಲ. "ಹಸಿವಿಲ್ವಾ?" ಅಂದರೆ, "ಈ ಹೊತ್ತಿಗೆ ನಮ್ದು ಊಟ ಆಗಿರ್ತದೆ ಸರ್" ಅಂದ. ಒಳಗೆ ಕತ್ತಲಾಗುವ ಮೊದಲೇ ಊಟ, ಆಮೇಲೆ ಲಾಕಪ್ಪು. ಶಾಪಿಗೆ ಬಂದ ಮೇಲೂ ಒಂದು ತಿಂಗಳು, ಆರು ಗಂಟೆ ಆಗುವಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಗೋಡೆ ಬದಿಗೆ ಹೋಗಿ ನಿಲ್ಲುತ್ತಿದ್ದ. ಯಾಕೆ ಅಂತ ಅವನಿಗೂ ಗೊತ್ತಿಲ್ಲ. ನಾವು ಯಾರೂ ಕೇಳಲಿಲ್ಲ. ಐದು ನಿಮಿಷ ನಿಂತು ತಾನೇ ವಾಪಸು ಬರುತ್ತಿದ್ದ.

ಕೆಲಸ ಕೊಡುವ ಮೊದಲು ಮಾಡಬೇಕಾದದ್ದು ಸಿಮ್. ತಮಾಷೆ ಅಲ್ಲ. ಮೂರು ತಿಂಗಳು ಬಳಸದಿದ್ದರೆ ಹಳೆಯ ನಂಬರ್ ಬಂದ್ ಆಗುತ್ತದೆ, ಕೆಲವು ಸಲ ಬೇರೆ ಯಾರಿಗೋ ಹೋಗಿಯೂ ಆಗಿರುತ್ತದೆ. ಆಧಾರಿನ ಓಟಿಪಿ ಆ ನಂಬರಿಗೇ ಹೋಗುವುದು. ಓಟಿಪಿ ಇಲ್ಲದಿದ್ದರೆ ಎಷ್ಟೋ ಕೆಲಸ ಅಲ್ಲೇ ನಿಲ್ಲುತ್ತದೆ. ಎರಡು ವರ್ಷ ವ್ಯವಹಾರ ಇಲ್ಲದ ಬ್ಯಾಂಕ್ ಖಾತೆಯೂ ಮಲಗಿರುತ್ತದೆ, ಕೆವೈಸಿ ಹೊಸದಾಗಿ ಕೊಡಬೇಕು. ಹಾಗಾಗಿ ಮೊದಲ ದಿನ ಹೊಸ ಸಿಮ್, ಎರಡನೇ ದಿನ ಆಧಾರ್ ಕೇಂದ್ರದಲ್ಲಿ ಬೆರಳು ಕೊಟ್ಟು ನಂಬರ್ ಬದಲು, ಆಮೇಲೆ ಬ್ಯಾಂಕು. ಮೊದಲ ವಾರದ ಸಂಬಳ ದಿನಾ ಕೈಗೆ ಕೊಡುತ್ತೇನೆ. ಶನಿವಾರದ ತನಕ ಕಾಯಲು ಅವರ ಹತ್ತಿರ ಬಸ್ಸಿನ ದುಡ್ಡೂ ಇರುವುದಿಲ್ಲ.

ಯಾವ ಕೆಲಸ ಅನ್ನುವುದರಲ್ಲಿ ನಾನು ಜಾಸ್ತಿ ತಪ್ಪು ಮಾಡಿದ್ದೇನೆ. ಸುರುವಿಗೆ ಇಬ್ಬರನ್ನು ದಕ್ಕೆಗೆ, ಅಂದರೆ ಮೀನಿನ ಬೋಟು ನಿಲ್ಲುವ ಬಂದರಿಗೆ ಕಳಿಸಿದೆ. ಬೋಟಿನಲ್ಲಿ ಹಿಂದಿನದ್ದು ಯಾರೂ ಕೇಳುವುದಿಲ್ಲ, ಅಡ್ವಾನ್ಸೂ ಸಿಗುತ್ತದೆ. ಆದರೆ ಆಳ ಸಮುದ್ರಕ್ಕೆ ಹೋದ ಬೋಟು ಬರಲು ಎಂಟು ಹತ್ತು ದಿನ. ಇವರಿಗೋ ವಾರಕ್ಕೊಮ್ಮೆ ಸ್ಟೇಷನ್ನಿಗೆ ಹೋಗಿ ಸಹಿ ಹಾಕಬೇಕೆಂದು ಜಾಮೀನಿನ ಷರತ್ತು. ಒಬ್ಬ ಎರಡು ಸಹಿ ತಪ್ಪಿಸಿಕೊಂಡು ಪುನಃ ಒಳಗೆ ಹೋದ. ಅದು ಅವನ ತಪ್ಪಲ್ಲ, ನನ್ನದು. ಮೇಲಿಂದ ಜೂನ್ 1ರಿಂದ ಜುಲೈ 31ರ ತನಕ ಬೋಟಿಗೆ ರಜೆ. ಎರಡು ತಿಂಗಳು ಖಾಲಿ ಕೂತವನನ್ನು ಹಳೆಯ ಗೆಳೆಯರು ಹುಡುಕಿಕೊಂಡು ಬರುತ್ತಾರೆ. ಸೆಕ್ಯುರಿಟಿ ಕೆಲಸಕ್ಕೆ ಪೊಲೀಸ್ ವೆರಿಫಿಕೇಶನ್ ಬೇಕು, ಅದು ಆಗುವ ಮಾತಲ್ಲ. ಮದುವೆ ಕ್ಯಾಟರಿಂಗಿಗೆ ಕುಡಿತದ ಅಭ್ಯಾಸ ಇದ್ದವರನ್ನು ಕಳಿಸಬಾರದು. ಮನೆ ಇಲ್ಲದವರಿಗೆ ಹೋಟೆಲ್ ಕೆಲಸ ಒಳ್ಳೆಯದು, ಊಟ ಮತ್ತು ಮಲಗುವ ಜಾಗ ಸಿಗುತ್ತದೆ.

ನನ್ನ ಶಾಪಿನಲ್ಲಿ ಮೊದಲ ತಿಂಗಳು ಯಾರಿಗೂ ವೆಲ್ಡಿಂಗ್ ರಾಡ್ ಸಿಕ್ಕಿಸುವ ಹೋಲ್ಡರ್ ಕೊಡುವುದಿಲ್ಲ. ಗ್ರೈಂಡಿಂಗ್ ಮಾಡಬೇಕು, ರೆಡ್ ಆಕ್ಸೈಡ್ ಹೊಡೆಯಬೇಕು. ಆಮೇಲೆ ತುಂಡು ಪೈಪಿನ ಮೇಲೆ ಟ್ಯಾಕ್, ಅಂದರೆ ಚಿಕ್ಕ ಚಿಕ್ಕ ಬೆಸುಗೆ ಹೊಡೆಯಲು ಬಿಡುತ್ತೇನೆ. ಹೊಸಬರ ರಾಡ್ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ, ಎಳೆದಷ್ಟೂ ಬಿಡುವುದಿಲ್ಲ. ಸಿಟ್ಟಿನವನಾದರೆ ಹೋಲ್ಡರನ್ನೇ ನೆಲಕ್ಕೆ ಕುಕ್ಕುತ್ತಾನೆ. ಮೆಲ್ಲ ಅಡ್ಡಕ್ಕೆ ತಿರುಚಿದರೆ ಟಕ್ ಅಂತ ಬರುತ್ತದೆ. ಯಾರು ಎಷ್ಟು ದಿನದಲ್ಲಿ ತಿರುಚಲು ಕಲಿತರು ಎಂದು ನೋಡಿದರೆ ಮನುಷ್ಯ ಹೇಗೆ ಅಂತ ನನಗೆ ಸ್ವಲ್ಪ ಗೊತ್ತಾಗುತ್ತದೆ.

ಕೆಲಸ ಸಿಗುವುದಕ್ಕಿಂತ ಉಳಿಯುವುದು ಕಷ್ಟ, ಅದಕ್ಕೆ ದೊಡ್ಡ ಕಾರಣ ಕೋರ್ಟಿನ ತಾರೀಕು. ನಮ್ಮ ದೇಶದ ಜೈಲುಗಳಲ್ಲಿ ನಾಲ್ಕರಲ್ಲಿ ಮೂವರು ಇನ್ನೂ ವಿಚಾರಣೆ ಮುಗಿಯದವರು. ಹೊರಗೆ ಬಂದರೂ ಕೇಸು ಬೆನ್ನಿಗೇ ಇರುತ್ತದೆ. ತಾರೀಕಿಗೆ ಹೋಗದಿದ್ದರೆ ವಾರಂಟು, ಹೋದರೆ ಒಂದು ದಿನದ ಸಂಬಳ ಹೋಯಿತು, ಧಣಿಗೂ ಸಿಟ್ಟು. ನಾನು ಶಾಪಿನ ಗೋಡೆಯ ಕ್ಯಾಲೆಂಡರಿನಲ್ಲಿ ಎಲ್ಲರ ತಾರೀಕಿಗೆ ಕೆಂಪು ವೃತ್ತ ಹಾಕುತ್ತೇನೆ. ಕೇಸಿನ 16 ಅಂಕೆ-ಅಕ್ಷರದ ಸಿಎನ್ಆರ್ ನಂಬರ್ ಇದ್ದರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಮುಂದಿನ ತಾರೀಕು ಕಾಣುತ್ತದೆ. ವಕೀಲರಿಗೆ ಹತ್ತು ಸಲ ಫೋನ್ ಮಾಡುವ ಕೆಲಸ ಇಲ್ಲ. ವಕೀಲರೇ ಇಲ್ಲದವರಿಗೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100 ಇದೆ. ಜಾಮೀನು ಸಿಕ್ಕಿಯೂ ಹಣ ಕಟ್ಟಲಾಗದೆ ಒಳಗೇ ಉಳಿದವರಿಗೆ ಹಣ ಕೊಡುವ ಕೇಂದ್ರ ಸರ್ಕಾರದ ಯೋಜನೆ 2023ರಲ್ಲಿ ಬಂದಿದೆ. ಇದನ್ನು ತಿಳಿಯದೆ ನಾವು ಎಷ್ಟು ಸಲ ಚರ್ಚಿನಲ್ಲಿ ಚಂದಾ ಎತ್ತಿದ್ದೇವೋ!

ಒಂದು ವಿಷಯ ಬರೆಯಲು ನಾಚಿಕೆ ಆಗುತ್ತದೆ. ಮೊದಲ ವರ್ಷ, ಕೆಲಸದಲ್ಲಿ ನಿಂತ ಒಬ್ಬನನ್ನು ಪ್ರಾರ್ಥನಾ ಕೂಟದಲ್ಲಿ ನಿಲ್ಲಿಸಿ ಸಾಕ್ಷಿ ಹೇಳಿಸಿದೆವು. ಏನು ಮಾಡಿ ಒಳಗೆ ಹೋದೆ, ಈಗ ಹೇಗಿದ್ದೇನೆ ಎಂದೆಲ್ಲ ಹೇಳಿದ. ಜನ ಅತ್ತರು, ಚಪ್ಪಾಳೆ ತಟ್ಟಿದರು. ವಾರದೊಳಗೆ ಮಾತು ಅವನ ಬಾಡಿಗೆ ಮನೆಯ ಧಣಿಗೆ ತಲುಪಿತು. "ಹೆಣ್ಣುಮಕ್ಕಳಿರುವ ಮನೆ" ಅಂತ ಹೇಳಿ ಖಾಲಿ ಮಾಡಿಸಿದರು. ಅವನು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಹಗುರ ಆಗುತ್ತಿತ್ತು. ಈಗ ಕೆಲಸ ಕೊಡುವ ಧಣಿಗೆ ಮಾತ್ರ ಎಲ್ಲ ಹೇಳುತ್ತೇವೆ, ಜೊತೆಯ ಕೆಲಸದವರಿಗೆ ಹೇಳುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಸಾಕ್ಷಿ ಬಂದ್.

"ಕೆಲಸ ಕೊಟ್ಟು ಮತಾಂತರ ಮಾಡ್ತೀರಾ?" ಅಂತ ಕೇಳುವವರು ಇದ್ದಾರೆ. ಈ ಊರಲ್ಲಿ ಕೇಳದಿದ್ದರೇ ಆಶ್ಚರ್ಯ. ಹತ್ತೊಂಬತ್ತರಲ್ಲಿ ಕ್ರೈಸ್ತರು ನಾಲ್ಕೇ ಜನ. ಶಾಪಿನಲ್ಲಿ ಮಾತೆ ಮರಿಯಮ್ಮನ ಪಟ ಇದೆ, ಅದು ಅಪ್ಪನ ಕಾಲದ್ದು. ಬೆಳಿಗ್ಗೆ ನಾನೊಬ್ಬನೇ ಕೈಮುಗಿಯುತ್ತೇನೆ. ಶುಕ್ರವಾರ ನಮಾಜಿಗೆ ಹೋಗುವವರು ಹೋಗುತ್ತಾರೆ, ಊರಿನ ಕೋಲ ಇದ್ದವರಿಗೆ ರಜೆ. ಒಂದೊಂದು ದಿನ ಅರ್ಧ ಶಾಪೇ ಖಾಲಿ.

ಲೆಕ್ಕಕ್ಕೆ ಹಾಕಿ ಅನ್ನುವ ಮಾತು ನನ್ನ ಮೇಲೆ ಮೂರು ಸಲ ಬಿದ್ದಿದೆ. ಎರಡು ಸಣ್ಣದು. ಮೂರನೆಯದ್ದು ಬೇರೊಬ್ಬರ ಶಾಪಿನ ದೊಡ್ಡ ಗ್ರೈಂಡರ್ ಮತ್ತು ಡ್ರಿಲ್, ಒಟ್ಟು ಹನ್ನೊಂದು ಸಾವಿರ. ಹುಡುಗನೂ ಇಲ್ಲ, ಮಿಷನ್ನೂ ಇಲ್ಲ. ಹೆಂಡತಿ ಎರಡು ದಿನ ಮಾತಾಡಲಿಲ್ಲ. ಹಣ ಕೊಡಲು ಹೋದಾಗ ಆ ಧಣಿ ಎಣಿಸಿ ತೆಗೆದುಕೊಂಡರು, ಒಂದು ರೂಪಾಯಿ ಬಿಡಲಿಲ್ಲ. ಆಮೇಲೆ, "ಇನ್ನು ಯಾರಾದರೂ ಬಂದರೆ ಹೇಳಿ, ಆದರೆ ಡ್ರಿಲ್ ನಾನು ಬೀಗ ಹಾಕಿ ಇಡ್ತೇನೆ" ಅಂದರು. ಮಾತಿಗೆ ಬೆಲೆ ಬಂದದ್ದು ಆ ಹಣ ಕೊಟ್ಟ ಮೇಲೆ. ಈಗ ಅವರ ಹತ್ತಿರ ನಾವು ಕಳಿಸಿದ ಇಬ್ಬರಿದ್ದಾರೆ.

ಉಳ್ಳಾಲದವನು ಈಗ ನನ್ನ ಹೆಡ್ ವೆಲ್ಡರ್. ಕೇಸು ಇನ್ನೂ ಮುಗಿದಿಲ್ಲ. ಈ ವಾರ ಅವನದ್ದೂ ಇನ್ನೊಬ್ಬನದ್ದೂ ತಾರೀಕು ಒಂದೇ ದಿನ ಬಿದ್ದಿದೆ. ಅದೇ ದಿನ ಕುಲಶೇಖರದ ಒಂದು ಮನೆಗೆ ಶೀಟ್ ಹಾಕಿಕೊಡುತ್ತೇನೆಂದು ಒಪ್ಪಿದ್ದೆ, ಮೋಡ ಬೇರೆ ಕಟ್ಟುತ್ತಿದೆ. ಮನೆಯವರಿಗೆ ಫೋನ್ ಮಾಡಿ, ಹುಡುಗರಿಗೆ ಜ್ವರ, ನಾಡಿದ್ದು ಬರುತ್ತೇವೆ ಅಂದೆ. ಸುಳ್ಳೇ. ಕುಮ್ಸಾರಿಗೆ, ಅಂದರೆ ಪಾದ್ರಿಯ ಹತ್ತಿರ ಪಾಪ ಒಪ್ಪಿಕೊಳ್ಳಲು ಹೋದಾಗ ಹೇಳಬೇಕು. ಫಾದರ್ ಈ ಸುಳ್ಳನ್ನು ಕೇಳುವುದು ಇದು ಎಷ್ಟನೇ ಸಲವೋ.