ಕಳೆನಾಶಕ ಮಗುವಿನ ತನಕ ಬರುವ ದಾರಿ

ರೈತ ಕುಟುಂಬಗಳ ಮಕ್ಕಳ ಆರೋಗ್ಯ ನೋಡಿಕೊಳ್ಳುವ ದಾದಿ ನಾನು. ಮನೆಗೆ ಹೋದಾಗ ‘ಕಳೆನಾಶಕ ಹೊಡೀತೀರಾ?’ ಅಂತ ಕೇಳುವುದಿಲ್ಲ. ಕೇಳಿದರೆ ತಪ್ಪು ಹುಡುಕಲು ಬಂದವಳು ಅನ್ನಿಸಿ ಮಾತು ಅಲ್ಲಿಗೇ ನಿಲ್ಲುತ್ತದೆ. ‘ಹೊಡೆದು ಬಂದಮೇಲೆ ಬೂಟು ಎಲ್ಲಿ ಬಿಡ್ತೀರಿ? ಆ ಬಟ್ಟೆ ಯಾವುದರ ಜೊತೆ ಒಗೀತೀರಿ?’ ಅಂತ ಶುರುಮಾಡುತ್ತೇನೆ.

ಹೊಲದಲ್ಲಿ ಬಿದ್ದ ಔಷಧಿಯನ್ನು ಬಿಸಿಲು, ಮಳೆ, ಮಣ್ಣಿನ ಸೂಕ್ಷ್ಮಜೀವಿಗಳು ನಿಧಾನವಾಗಿಯಾದರೂ ಕರಗಿಸುತ್ತವೆ. ಬೂಟಿಗಂಟಿ ಒಳಗೆ ಬಂದ ಧೂಳಿಗೆ ಇದ್ಯಾವುದೂ ತಾಗುವುದಿಲ್ಲ. ಅದು ನೆಲಹಾಸಿನಲ್ಲಿ ಬಹಳ ದಿನ ಉಳಿಯುತ್ತದೆ. ಅದೇ ನೆಲದ ಮೇಲೆ ಮಗು ತೆವಳುತ್ತದೆ, ಕೈ ಬಾಯಿಗೆ ಹಾಕುತ್ತದೆ. ತೂಕದ ಲೆಕ್ಕದಲ್ಲಿ ನೋಡಿದರೆ ಮಕ್ಕಳು ನಮಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ, ಹೆಚ್ಚು ನೀರು ಕುಡಿಯುತ್ತಾರೆ.

ಒಂದು ಮನೆಯಲ್ಲಿ ನಾನು ಕೂತಿದ್ದಾಗಲೇ ತಂದೆ ಸಿಂಪರಣೆ ಮುಗಿಸಿ ಬಂದರು. ಮೊಣಕಾಲಿನಿಂದ ಕೆಳಗೆ ಪ್ಯಾಂಟ್ ಒದ್ದೆ. ಪುಟ್ಟ ಮಗಳು ಓಡಿಹೋಗಿ ಕಾಲು ತಬ್ಬಿಕೊಂಡು, ಕೆನ್ನೆಯನ್ನು ಆ ಒದ್ದೆ ಬಟ್ಟೆಗೇ ಒತ್ತಿದಳು. ನಾನು ಏನೂ ಹೇಳಬೇಕಾಗಲಿಲ್ಲ, ತಾಯಿಯೇ ಎದ್ದು ಮಗುವನ್ನು ಎತ್ತಿಕೊಂಡು ಕೆನ್ನೆ ಕೈ ತೊಳೆದರು. ಅವತ್ತೇ ಮೂವರೂ ಕೂತು ಹೊಸ ಕ್ರಮ ಮಾಡಿಕೊಂಡೆವು: ಬೂಟು, ಬಟ್ಟೆ ಹೊರಗೇ, ಸ್ನಾನ ಆದಮೇಲೆ ಮಗು. ಆ ಬಟ್ಟೆಗೆ ಬೇರೆಯೇ ಬಕೆಟ್ಟು, ಬಿಸಿನೀರು, ಸೋಪು. ಯಂತ್ರದಲ್ಲಿ ಒಗೆದರೆ ಆಮೇಲೆ ಒಂದು ಸಲ ಖಾಲಿ ಓಡಿಸಬೇಕು.

ಗಾಳಿಯ ವಿಷಯ ವಿವರಿಸುವುದು ಕಷ್ಟ. ಎಲೆ ಅಲ್ಲಾಡದ ಮುಂಜಾನೆ ಸುರಕ್ಷಿತ ಅಂತ ಬಹಳ ಜನ ನಂಬಿದ್ದಾರೆ. ಆದರೆ ಆಗ ನೆಲದ ಹತ್ತಿರ ತಣ್ಣನೆ ಗಾಳಿ, ಮೇಲೆ ಬೆಚ್ಚನೆ ಗಾಳಿ ಇರಬಹುದು. ಸಣ್ಣ ಹನಿಗಳು ಮೇಲೇಳದೆ ತೇಲಿಕೊಂಡು ದೂರ ಹೋಗುತ್ತವೆ. ಬಿಸಿಲೇರಿದ ಮೇಲೆ, ಶಾಲೆಯ ಕಡೆಗೆ ಬೀಸದ ಹಗುರ ಗಾಳಿಯಲ್ಲಿ, ದಪ್ಪ ಹನಿಯ ನಳಿಕೆ ಹಾಕಿ, ಒತ್ತಡ ಇಳಿಸಿ ಹೊಡೆಯಿರಿ ಅನ್ನುತ್ತೇನೆ. ಶಾಲೆಗೆ ಅಂಟಿಕೊಂಡ ಹೊಲವಾದರೆ ರಜೆಯ ದಿನವೇ ಹೊಡೆಯಲಿ.

ನನಗೆ ನಿಜಕ್ಕೂ ಭಯ ಇರುವುದು ಪ್ಯಾರಾಕ್ವಾಟ್ ಅನ್ನುವ ಕಳೆನಾಶಕದ ಮೇಲೆ. ಒಂದು ಗುಟುಕು ಸಾಕು ಜೀವ ತೆಗೆಯಲು, ಪ್ರತಿವಿಷವೂ ಇಲ್ಲ. ಐರೋಪ್ಯ ಒಕ್ಕೂಟದಲ್ಲಿ 2007ರಿಂದ ಅದಕ್ಕೆ ಅನುಮತಿ ಇಲ್ಲ. ಉಳಿದದ್ದನ್ನು ತಂಪು ಪಾನೀಯದ ಬಾಟಲಿಗೆ ಸುರಿದಿಟ್ಟಿದ್ದು ಕಂಡರೆ ಬೇರೆ ಮಾತೆಲ್ಲ ಬಿಟ್ಟು ಮೊದಲು ಅದನ್ನೇ ಹಿಡಿಯುತ್ತೇನೆ. ಔಷಧಿ ಇರಬೇಕಾದ್ದು ಅದರದ್ದೇ ಡಬ್ಬಿಯಲ್ಲಿ, ಬೀಗದ ಒಳಗೆ.

‘ಗ್ಲೈಫೋಸೇಟ್‌ನಿಂದ ಕ್ಯಾನ್ಸರ್ ಬರುತ್ತಾ?’ ಅಂತ ಆ ಕಳೆನಾಶಕದ ಬಗ್ಗೆ ತಾಯಂದಿರು ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ‘ಬಹುಶಃ ಕ್ಯಾನ್ಸರ್‌ಕಾರಕ’ ಅಂದಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಒಪ್ಪಲಿಲ್ಲ. ಎರಡನ್ನೂ ಹೇಳುತ್ತೇನೆ, ಮುಚ್ಚಿಡುವುದಿಲ್ಲ. ಆ ವಾದ ಮುಗಿಯುವ ತನಕ ಮಗುವಿನ ಮೈಗೆ ಔಷಧಿ ತಾಗಲಿ ಅಂತ ಬಿಡಲಾಗುವುದಿಲ್ಲವಲ್ಲ.

ಇಷ್ಟೆಲ್ಲ ಮಾಡಿದರೂ ಬಾವಿಯ ನೀರು ಒಂದು ಮನೆಯವರ ಕೈಯಲ್ಲಿಲ್ಲ. ಅಟ್ರಜಿನ್‌ನಂಥ ಕಳೆನಾಶಕಗಳು ಅಂತರ್ಜಲಕ್ಕೆ ಇಳಿಯುತ್ತವೆ. ಹೊಲದ ಪಕ್ಕದ ಬಾವಿಗಳ ನೀರು ಪರೀಕ್ಷೆ ಆಗಬೇಕು, ಸಿಂಪಡಿಸುವ ದಿನ ಶಾಲೆಗೆ ಮೊದಲೇ ತಿಳಿಯಬೇಕು. ಈ ಎರಡನ್ನೂ ಆಡಳಿತ ಕಡ್ಡಾಯ ಮಾಡಲಿ ಅಂತ ಬರೆಯುತ್ತಲೇ ಇದ್ದೇನೆ.