ಮೃಗಶಿರ ಮಳೆಯ ನಂತರ ಜೋಡಿ ಮಾಡಿ: ಲೆಪರ್ಡ್ ಗೆಕೊ ಮರಿ ಮಾಡಿಸುವ ಮೊದಲ ಪ್ರಯತ್ನಕ್ಕೆ

ಲೆಪರ್ಡ್ ಗೆಕೊ ಎಂಬ ಚುಕ್ಕೆಗಳುಳ್ಳ ಹಲ್ಲಿಯನ್ನು ಸಾಕುವವರಿಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಚಳಿ ದೇಶಗಳಿಂದ ಬಂದವು. ಅಲ್ಲಿ ಮೊಟ್ಟೆಗೆ ಕಾವು ಕೊಡುವುದೆಂದರೆ ಬಿಸಿ ಒದಗಿಸುವುದು. ದಾವಣಗೆರೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಅದು ಬಿಸಿಯಿಂದ ಕಾಪಾಡುವುದು. ಈ ವ್ಯತ್ಯಾಸ ತಿಳಿಯದೆ ನಾನು ಮೊದಲ ವರ್ಷ ಜನವರಿ ಕೊನೆಯಲ್ಲಿಯೇ ಜೋಡಿ ಮಾಡಿಸಿದೆ. ಏಪ್ರಿಲ್‌ನಲ್ಲಿ ಕಾವುಪೆಟ್ಟಿಗೆಯಲ್ಲಿದ್ದ ಎರಡು ಒಳ್ಳೆಯ ಮೊಟ್ಟೆಗಳು, ಕೋಣೆಯೇ ಪೆಟ್ಟಿಗೆಗಿಂತ ಬಿಸಿಯಾದ ಒಂದು ಮಧ್ಯಾಹ್ನದ ನಂತರ ಹಳದಿಗಟ್ಟಿ ಕುಸಿದವು. ಪೆಟ್ಟಿಗೆಯ ಹೀಟರನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಬಿಸಿಯನ್ನು ನಿಲ್ಲಿಸಬಲ್ಲದೇ ಹೊರತು ತಂಪು ಮಾಡಲಾರದು. ಆದ್ದರಿಂದ ಮೊದಲ ಬಾರಿ ಪ್ರಯತ್ನಿಸುವವರಿಗೆ ನನ್ನ ಖಚಿತ ಸಲಹೆ ಇದು: ಜೂನ್ ಮೊದಲ ವಾರ ಕಳೆದು ಮೃಗಶಿರ ಮಳೆ ಹಿಡಿದು, ಮನೆಯ ಗೋಡೆಗಳು ತಣಿದ ಮೇಲೆ ಜೋಡಿ ಮಾಡಿಸಿ. ಇವುಗಳ ಸಂತಾನದ ಕಾಲ ಸಾಮಾನ್ಯವಾಗಿ ಸೆಪ್ಟೆಂಬರ್‌ವರೆಗೂ ಇರುವುದರಿಂದ ಎರಡು ಮೂರು ಸಲ ಮೊಟ್ಟೆ ಸಿಗಲು ಸಮಯ ಸಾಕು, ಮತ್ತು ಹೊಸಬರಿಗೆ ಅದಕ್ಕಿಂತ ಹೆಚ್ಚು ಬೇಕಾಗಿಯೂ ಇಲ್ಲ.

ಮಳೆ ಬರುವವರೆಗಿನ ತಿಂಗಳುಗಳು ವ್ಯರ್ಥವಲ್ಲ, ಹೆಣ್ಣನ್ನು ಸಿದ್ಧಪಡಿಸುವುದಕ್ಕೆ ಅವೇ ಬೇಕು. ಹೆಣ್ಣಿಗೆ ಕನಿಷ್ಠ ಒಂದು ವರ್ಷ ತುಂಬಿರಬೇಕು, ಒಂದೂವರೆ ವರ್ಷವಾಗಿದ್ದರೆ ಇನ್ನೂ ಒಳ್ಳೆಯದು. ತೂಕ 50 ಗ್ರಾಂ ದಾಟಿರಬೇಕು ಮತ್ತು ಬಾಲ ದಪ್ಪಗೆ ತುಂಬಿಕೊಂಡಿರಬೇಕು. ಬಾಲದಲ್ಲಿರುವ ಕೊಬ್ಬೇ ಮೊಟ್ಟೆ ಇಡುವ ಕಾಲದಲ್ಲಿ ಅವಳನ್ನು ಕಾಯುವ ಬುತ್ತಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ, ದಿನಾಂಕದೊಡನೆ ಪುಸ್ತಕದಲ್ಲಿ ಬರೆದಿಡಿ. ಗಂಡನ್ನು ಗುರುತಿಸಲು ಅಡಿಭಾಗ ನೋಡಬೇಕು: ಹಿಂಗಾಲುಗಳ ನಡುವೆ ಎದ್ದು ಕಾಣುವ ಮೇಣದಂಥ ರಂಧ್ರಗಳ ಸಾಲು ಕೋನಾಕಾರವಾಗಿರುತ್ತದೆ, ಅದರ ಕೆಳಗೆ ಬಾಲದ ಬುಡದಲ್ಲಿ ಎರಡು ಉಬ್ಬುಗಳಿರುತ್ತವೆ. ಎರಡು ಗಂಡುಗಳನ್ನು ಎಂದಿಗೂ ಒಂದೇ ಕಡೆ ಇಡಬಾರದು, ಅವು ಗಾಯವಾಗುವವರೆಗೆ ಕಾದಾಡುತ್ತವೆ.

ಹಲ್ಲಿಗಳನ್ನು ಎಲ್ಲಿಂದ ತರುತ್ತೀರಿ ಎಂಬುದು ಅಷ್ಟೇ ಮುಖ್ಯ. ಸಾಕಿದ ಜೋಡಿಗೆ ಹುಟ್ಟಿದವನ್ನು ಮಾತ್ರ, ತಂದೆತಾಯಿಗಳ ವಿವರವಿರುವ ರಸೀದಿಯೊಡನೆ ಪಡೆಯಿರಿ. ತರುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ಅವುಗಳನ್ನು ಸಾಕುವ ನಿಯಮವನ್ನು ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. ಈ ಜಾತಿಯ ಮೂಲ ನೆಲೆ ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಒಣ ಕಲ್ಲುಪ್ರದೇಶ. ಚಿತ್ರದುರ್ಗದ ಬಂಡೆಗಳ ನಡುವೆಯೋ ಅಲ್ಲಿನ ಜೋಗಿಮಟ್ಟಿ ಕಾಡಿನಲ್ಲಿಯೋ ಕಾಣುವ ಯಾವುದೇ ಹಲ್ಲಿಯನ್ನು ಹಿಡಿದು ತರುವುದು ಮಾತ್ರ ಸರ್ವಥಾ ಕೂಡದು. ಬಣ್ಣದ ತಳಿಗಳಲ್ಲಿಯೂ ಎಚ್ಚರ ಬೇಕು. ಎನಿಗ್ಮಾ ತಳಿಯಲ್ಲಿ ತಲೆ ವಾಲುವ, ಸುತ್ತ ತಿರುಗುವ ನರದೋಷವಿದೆ. ಲೆಮನ್ ಫ್ರಾಸ್ಟ್ ತಳಿಯಲ್ಲಿ ಚರ್ಮದ ಗಡ್ಡೆಗಳು ಬೆಳೆಯುತ್ತವೆ. ಎಷ್ಟೇ ಚೆಂದ ಕಂಡರೂ ಇವೆರಡನ್ನು ಸಂತಾನಕ್ಕೆ ಬಳಸಬೇಡಿ. ಹೊಸದಾಗಿ ತಂದ ಹಲ್ಲಿಯನ್ನು ಮೂರು ತಿಂಗಳು ಬೇರೆ ಕೋಣೆಯಲ್ಲಿಟ್ಟು, ಹಿಕ್ಕೆಯನ್ನು ಪಶುವೈದ್ಯರಲ್ಲಿ ಪರೀಕ್ಷೆ ಮಾಡಿಸಿ. ಹಲ್ಲಿಗಳನ್ನು ನೋಡಬಲ್ಲ ವೈದ್ಯರು ಯಾರಿದ್ದಾರೆ ಎಂಬುದನ್ನು ತುರ್ತು ಬರುವ ಮೊದಲೇ ಹುಡುಕಿಟ್ಟುಕೊಳ್ಳಬೇಕು.

ಆಹಾರದ ವಿಷಯದಲ್ಲಿ ನಮ್ಮ ಕಡೆ ಒಂದು ಅಪಾಯವಿದೆ, ಒಂದು ಅನುಕೂಲವೂ ಇದೆ. ಅಪಾಯವೆಂದರೆ ಮೆಕ್ಕೆಜೋಳದ ಹೊಲದಿಂದ ಹಿಡಿದ ಮಿಡತೆ: ಔಷಧಿ ಹೊಡೆದ ಬೆಳೆ ತಿಂದ ಹುಳು ಹಲ್ಲಿಯನ್ನೇ ಕೊಲ್ಲಬಹುದು. ಅನುಕೂಲವೆಂದರೆ ರೇಷ್ಮೆ. ಔಷಧಿ ಸೋಂಕದ ಹಿಪ್ಪುನೇರಳೆ ಸೊಪ್ಪು ತಿಂದ ಎಳೆಯ ರೇಷ್ಮೆಹುಳು ಮೃದುವಾದ, ನೀರಿನಂಶವುಳ್ಳ ಒಳ್ಳೆಯ ಮೇವು. ಪರಿಚಯದ ರೇಷ್ಮೆ ಬೆಳೆಗಾರರಿದ್ದರೆ ಚಾಕಿ, ಅಂದರೆ ಹುಳುವಿನ ಮೊದಲ ಎಳೆಯ ಹಂತ, ಕಳೆದ ಹುಳುಗಳನ್ನು ಕೇಳಿ ಪಡೆಯಬಹುದು. ಉಳಿದಂತೆ ಮನೆಯಲ್ಲೇ ಬೆಳೆಸಿದ ಮೀಲ್‌ವರ್ಮ್ ಎಂಬ ಹಿಟ್ಟಿನ ಹುಳು, ಕ್ರಿಕೆಟ್ ಎಂಬ ಮಿಡತೆಯಂಥ ಹುಳು ಸಾಕು. ಮೊಟ್ಟೆಯ ಸಿಪ್ಪೆಗೆ ಬೇಕಾದ ಸುಣ್ಣದಂಶ ಹೆಣ್ಣಿನ ಮೂಳೆಯಿಂದ ಹೋಗದಿರಲು ಹುಳುಗಳಿಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡಿ, ವಾರಕ್ಕೆ ಒಂದೆರಡು ಸಲ ವಿಟಮಿನ್ ಡಿ3 ಇರುವ ಪುಡಿ ಬಳಸಿ, ಮತ್ತು ಬರಿಯ ಕ್ಯಾಲ್ಸಿಯಂ ಪುಡಿಯ ಒಂದು ಚಿಕ್ಕ ಮುಚ್ಚಳವನ್ನು ಗೂಡಿನಲ್ಲಿ ಸದಾ ಇಟ್ಟಿರಿ.

ಜೋಡಿ ಮಾಡಿಸುವ ಕೆಲಸ ಚಿಕ್ಕದು. ಸಂಜೆಯ ಹೊತ್ತು ಹೆಣ್ಣನ್ನು ಗಂಡಿನ ಗೂಡಿಗೆ ಬಿಡಿ. ಗಂಡು ಬಾಲದ ತುದಿಯನ್ನು ಪಟಪಟನೆ ನಡುಗಿಸಿ, ಹೆಣ್ಣಿನ ಕುತ್ತಿಗೆಯನ್ನು ಕಚ್ಚಿ ಹಿಡಿಯುತ್ತದೆ, ಇದು ಸಹಜ. ಹೆಣ್ಣು ತಿರುಗಿ ಬಲವಾಗಿ ಕಚ್ಚತೊಡಗಿದರೆ ಬೇರ್ಪಡಿಸಿ, ಒಂದು ವಾರ ಬಿಟ್ಟು ಮತ್ತೆ ನೋಡಿ. ಕೂಡಿದ ನಂತರ ಜೊತೆಯಲ್ಲಿ ಇಡುವ ಅಗತ್ಯವಿಲ್ಲ, ಏಕೆಂದರೆ ಹೆಣ್ಣು ವೀರ್ಯವನ್ನು ಒಡಲಲ್ಲಿ ಕಾಯ್ದಿಟ್ಟುಕೊಂಡು ಮುಂದಿನ ಮೊಟ್ಟೆಗಳಿಗೂ ಬಳಸಬಲ್ಲದು.

ಮೂರು ನಾಲ್ಕು ವಾರಗಳಲ್ಲಿ ಹೊಟ್ಟೆಯ ತೆಳು ಚರ್ಮದ ಮೂಲಕ ಎರಡು ಬಿಳಿಯ ಉದ್ದನೆಯ ಆಕಾರಗಳು ಕಾಣಿಸುತ್ತವೆ. ಆಗ ಗೂಡಿನೊಳಗೆ ಮೊಟ್ಟೆಯ ಡಬ್ಬಿ ಇರಬೇಕು: ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯ ಬದಿಯಲ್ಲಿ ಹಲ್ಲಿ ನುಸುಳುವಷ್ಟು ತೂತು ಮಾಡಿ, ಒಳಗೆ ನಾಲ್ಕು ಬೆರಳಿನಷ್ಟು ಒದ್ದೆ ತೆಂಗಿನ ನಾರಿನ ಪುಡಿ ತುಂಬಿ. ಪ್ರತಿದಿನ ಬೆಳಿಗ್ಗೆ ಅದನ್ನು ಮೆಲ್ಲನೆ ಕೆದಕಿ ನೋಡಿ, ಏಕೆಂದರೆ ಒಣಗಿದ ಜಾಗದಲ್ಲಿಟ್ಟ ಮೊಟ್ಟೆ ಬೇಗ ಸುಕ್ಕಾಗುತ್ತದೆ. ಹೆಣ್ಣು ದಿನಗಟ್ಟಲೆ ಅಗೆಯುತ್ತ, ತಿಣುಕುತ್ತ, ಮೊಟ್ಟೆ ಇಡದೆ ಸೊರಗಿದರೆ ಕಾಯದೆ ವೈದ್ಯರಲ್ಲಿಗೆ ಒಯ್ಯಿರಿ.

ಮೊಟ್ಟೆ ಸಿಕ್ಕ ಕೂಡಲೇ, ಎತ್ತುವ ಮೊದಲೇ, ಅದರ ಮೇಲ್ಭಾಗಕ್ಕೆ ಮೆತ್ತನೆಯ ಪೆನ್ಸಿಲ್‌ನಿಂದ ಒಂದು ಚುಕ್ಕೆ ಇಡಿ. ಕೋಳಿಮೊಟ್ಟೆಯನ್ನು ಹೊರಳಿಸುವಂತೆ ಇದನ್ನು ಹೊರಳಿಸಬಾರದು. ಒಳಗಿನ ಭ್ರೂಣ ಒಂದು ಕಡೆ ಅಂಟಿಕೊಂಡು ಬೆಳೆಯುವುದರಿಂದ ತಿರುಗಿಸಿದರೆ ಅದು ಸಾಯಬಹುದು. ನರ್ಸರಿಗಳಲ್ಲಿ ಸಿಗುವ, ತೇವ ಹಿಡಿದಿಡುವ ಹಗುರ ಖನಿಜವಾದ ವರ್ಮಿಕ್ಯುಲೈಟ್ ಮತ್ತು ನೀರನ್ನು ಸಮ ತೂಕದಲ್ಲಿ ಬೆರೆಸಿ, ಹಿಡಿಯಲ್ಲಿ ಹಿಂಡಿದರೆ ಹನಿ ಬೀಳದಷ್ಟು ಹದವಿದೆಯೇ ನೋಡಿ. ಚಿಕ್ಕ ಡಬ್ಬಿಯಲ್ಲಿ ಅದನ್ನು ಹರಡಿ, ಮೊಟ್ಟೆಗಳನ್ನು ಅರ್ಧ ಹೂತು, ಒಂದೆರಡು ಸೂಜಿತೂತುಗಳಿರುವ ಮುಚ್ಚಳ ಹಾಕಿ ವಾರಕ್ಕೊಮ್ಮೆ ಮಾತ್ರ ತೆರೆಯಿರಿ.

ಈಗ ಶಾಖದ ಮಾತು, ಇಡೀ ಕೆಲಸದ ಜೀವಾಳ. ಈ ಹಲ್ಲಿಯ ಮರಿ ಗಂಡೋ ಹೆಣ್ಣೋ ಎಂಬುದನ್ನು ಕಾವಿನ ಶಾಖವೇ ನಿರ್ಧರಿಸುತ್ತದೆ. ಸುಮಾರು 26ರಿಂದ 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಹುಪಾಲು ಹೆಣ್ಣುಗಳು, 32ರ ಆಸುಪಾಸಿನಲ್ಲಿ ಬಹುಪಾಲು ಗಂಡುಗಳು ಹುಟ್ಟುತ್ತವೆ. 34ರ ಮೇಲೆ ಮತ್ತೆ ಹೆಣ್ಣುಗಳೇ ಹೆಚ್ಚು, ಆದರೆ ಅಲ್ಲಿ ಮೊಟ್ಟೆ ಕೆಡುವ ಅಪಾಯವೂ ಹೆಚ್ಚು. ಗಂಡುಗಳನ್ನು ಒಂದೊಂದಾಗಿಯೇ ಇಡಬೇಕಾದ್ದರಿಂದ ಹೊಸಬರು 28 ಡಿಗ್ರಿಯನ್ನು ಗುರಿಯಾಗಿಟ್ಟುಕೊಳ್ಳುವುದು ಲೇಸು. ಚಾಕಿ ಮನೆಯಲ್ಲಿ ಎಳೆ ರೇಷ್ಮೆಹುಳುಗಳಿಗೆ ಕಾಯ್ದುಕೊಳ್ಳುವುದೂ ಹೆಚ್ಚುಕಡಿಮೆ ಇದೇ 27–28 ಡಿಗ್ರಿ ಶಾಖ ಮತ್ತು ಶೇ. 80 ಮೀರಿದ ತೇವ. ಆ ಕೆಲಸ ಕಂಡವರಿಗೆ ಈ ಹದ ಹೊಸದಲ್ಲ. ದಪ್ಪ ಥರ್ಮೋಕೋಲ್ ಪೆಟ್ಟಿಗೆಯೊಳಗೆ ನೀರು ತುಂಬಿದ ಬಾಟಲಿಗಳನ್ನು ಇಟ್ಟರೆ, ಕರೆಂಟ್ ಹೋದಾಗಲೂ ಶಾಖ ಥಟ್ಟನೆ ಏರಿಳಿಯುವುದಿಲ್ಲ. ಪೆಟ್ಟಿಗೆಯನ್ನು ತಾರಸಿಯ ಕೆಳಗಿನ ಕೋಣೆಯಲ್ಲಿಡದೆ, ನೆಲಮಹಡಿಯ ಪೂರ್ವ ಅಥವಾ ಉತ್ತರದ ಕೋಣೆಯಲ್ಲಿ ನೆಲದ ಮೇಲಿಡಿ. ಮೊಟ್ಟೆಯ ಪಕ್ಕದಲ್ಲೇ ಥರ್ಮಾಮೀಟರ್‌ನ ತುದಿ ಇರಲಿ, ಅತಿ ಹೆಚ್ಚು ಮತ್ತು ಅತಿ ಕಡಿಮೆ ಶಾಖವನ್ನು ನೆನಪಿಡುವಂಥದ್ದಾದರೆ ಉತ್ತಮ.

ಒಂದು ವಾರದ ನಂತರ ಕತ್ತಲಲ್ಲಿ ಪುಟ್ಟ ಟಾರ್ಚ್ ಹಿಡಿದರೆ ಒಳ್ಳೆಯ ಮೊಟ್ಟೆಯಲ್ಲಿ ಕೆಂಪು ನರಗಳು ಕಾಣುತ್ತವೆ. ಮೊದಲ ಸಲದ ಮೊಟ್ಟೆಗಳು ಗೊಡ್ಡಾಗುವುದು ಸಾಮಾನ್ಯ, ಎದೆಗುಂದಬೇಡಿ. 28 ಡಿಗ್ರಿಯ ಆಸುಪಾಸಿನಲ್ಲಿ ಮರಿ ಹೊರಬರಲು ಸುಮಾರು ಎರಡು ತಿಂಗಳು ಬೇಕು. ಕೊನೆಯ ದಿನಗಳಲ್ಲಿ ಮೊಟ್ಟೆ ಬೆವರಿ ತುಸು ತಗ್ಗಾದರೆ ಕೈ ಹಾಕಬೇಡಿ, ಸಿಪ್ಪೆಯನ್ನು ಸೀಳಿ ಸಹಾಯ ಮಾಡಲೂ ಹೋಗಬೇಡಿ. ಮೂರು ಗ್ರಾಂ ತೂಗುವ, ಕಪ್ಪು ಹಳದಿ ಪಟ್ಟೆಗಳ ಮರಿ ತಾನೇ ಸೀಳಿಕೊಂಡು ಬರುತ್ತದೆ. ಪ್ರತಿ ಮರಿಗೂ ಬೇರೆ ಡಬ್ಬಿ, ಕೆಳಗೆ ಮರಳಲ್ಲ, ಟಿಶ್ಯೂ ಕಾಗದ, ಒಂದು ಒದ್ದೆ ಅಡಗುತಾಣ. ಮೊದಲ ಪೊರೆ ಬಿಟ್ಟ ಮೇಲಷ್ಟೇ ಅದು ತಿನ್ನತೊಡಗುತ್ತದೆ. ಅದರ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದಪ್ಪನೆಯ ಹುಳು ಕೊಡಬಾರದು.

ಅಷ್ಟರಲ್ಲಿ ತಾಯಿಯ ಬಾಲ ಬಡಕಲಾಗಿರುತ್ತದೆ. ಅವಳು ಎರಡು ಮೂರು ವಾರಕ್ಕೊಮ್ಮೆ ಮತ್ತೆ ಎರಡೆರಡು ಮೊಟ್ಟೆ ಇಡುತ್ತಲೇ ಇರಬಹುದು. ಗಂಡಿನ ಬಳಿ ಮತ್ತೆ ಬಿಡದೆ, ಪ್ರತಿದಿನ ಮೇವು ಕೊಟ್ಟು, ಪುಸ್ತಕದಲ್ಲಿ ಬರೆದಿಟ್ಟ ಜೂನ್ ತಿಂಗಳ ತೂಕಕ್ಕೆ ಅವಳು ಮರಳುವವರೆಗೆ ತಕ್ಕಡಿಯನ್ನು ಕೆಳಗಿಡಬೇಡಿ.